ಪಕ್ಕದ ಮನೆಯ ಮರ ನಿಮ್ಮ ಹಂಚಿನ ಮೇಲೆ ವಾಲಿದೆಯೇ?

ಮೇ ಮುಗಿಯುತ್ತಾ ಬಂದರೆ ಕರಾವಳಿಯಲ್ಲಿ ಎಲ್ಲರ ತಲೆಯೂ ಮೇಲೆ ಏಳುತ್ತದೆ. ಮೋಡ ಕಟ್ಟಿದೆಯೇ ಅಂತ ಒಂದು ನೋಟ, ಪಕ್ಕದ ಮನೆಯ ತೆಂಗಿನ ಮರ ಇನ್ನಷ್ಟು ವಾಲಿದೆಯೇ ಅಂತ ಇನ್ನೊಂದು. ನಮ್ಮ ಬಚ್ಚಲುಮನೆಯ ಮೇಲೂ ಅಂಥದ್ದೊಂದು ಮರ ಇತ್ತು. “ಮುಂದಿನ ವಾರ ಕಡಿಸ್ತೇವೆ ಅಕ್ಕಾ” ಅನ್ನುವ ಮಾತಿನಲ್ಲೇ ಮೂರು ಮಳೆಗಾಲ ಕಳೆಯಿತು. ನಾಲ್ಕನೆಯದರಲ್ಲಿ ಹಂಚು ಪುಡಿಯಾಯಿತು, ಹಂಡೆ ಚಪ್ಪಟೆಯಾಯಿತು. ನಾನು ಹೇಳಿದ್ದೆ ಅನ್ನುವುದಕ್ಕೆ ಒಂದು ಚೀಟಿಯೂ ನನ್ನ ಹತ್ತಿರ ಇರಲಿಲ್ಲ.

ಮೊದಲು ಮರ ಯಾರದ್ದು ಅಂತ ಖಚಿತ ಮಾಡಿಕೊಳ್ಳಿ. ಬುಡ ಯಾರ ಜಾಗದಲ್ಲಿದೆಯೋ ಮರ ಅವರದ್ದು. ತಲೆ ಎತ್ತ ಚಾಚಿದರೂ ಲೆಕ್ಕಕ್ಕಿಲ್ಲ. ಬುಡ ಗಡಿಯ ಮೇಲೆಯೇ ಇದ್ದರೆ ಸಾಮಾನ್ಯವಾಗಿ ಇಬ್ಬರದ್ದೂ. ಬೇಲಿಯನ್ನು ಮಾತ್ರ ನಂಬಬೇಡಿ, ಅದು ಅಜ್ಜನ ಕಾಲದಿಂದ ಆಚೀಚೆ ಸರಿದಿರುತ್ತದೆ. ಸಂಶಯವಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ, ಸರ್ವೆಯವರು ಬಂದು ಅಳೆಯುತ್ತಾರೆ.

ಆಮೇಲೆ ಫೋಟೋ. ಬುಡದ ಮಣ್ಣು ಬಿರುಕು ಬಿಟ್ಟಿದೆಯೇ, ಬೇರು ಎದ್ದಿದೆಯೇ, ಪೊಟರೆಯಾಗಿದೆಯೇ, ಅಣಬೆ ಹುಟ್ಟಿದೆಯೇ ನೋಡಿ. ಮರ ಮತ್ತು ನಿಮ್ಮ ಮನೆ ಎರಡೂ ಒಟ್ಟಿಗೆ ಕಾಣುವ ಫೋಟೋ ಒಂದಾದರೂ ಇರಲಿ.

ಈಗ ಹೋಗಿ ಮಾತಾಡಿ. “ಅಣ್ಣಾ, ಈ ಮಳೆಗೆ ಆ ಮರ ನಿಲ್ಲೋ ಹಾಗೆ ಕಾಣ್ತಿಲ್ಲ, ಒಮ್ಮೆ ಬಂದು ನೋಡಿ” ಅಂದರೆ ಎಷ್ಟೋ ಸಲ ಕೆಲಸ ಅಲ್ಲೇ ಮುಗಿಯುತ್ತದೆ. ಕಡಿಸುವ ಖರ್ಚಿನ ಅರ್ಧ ಕೊಡುತ್ತೇನೆ ಅನ್ನಿ. ಕೊಡಲೇಬೇಕು ಅಂತೇನಿಲ್ಲ, ಆದರೆ ಕೋರ್ಟಿಗಿಂತ ಅದು ಅಗ್ಗ.

ಮಾತು ಕೇಳದಿದ್ದರೆ ಪತ್ರ ಬರೆಯಿರಿ. ಇದು ಎಲ್ಲಕ್ಕಿಂತ ಮುಖ್ಯ, ಮತ್ತು “ಪಕ್ಕದ ಮನೆಯವರಿಗೆ ಪತ್ರವಾ?” ಅಂತ ನಾವೆಲ್ಲ ಬಿಡುವುದೂ ಇದನ್ನೇ. ಯಾವ ಮರ, ಏನು ಅಪಾಯ, ಎಷ್ಟು ದಿನದೊಳಗೆ ಏನು ಮಾಡಬೇಕು, ಇಷ್ಟೇ ಸಾಕು. ಸ್ಪೀಡ್ ಪೋಸ್ಟ್ ಮಾಡಿ, ಪ್ರತಿ ಮತ್ತು ರಶೀದಿ ಇಟ್ಟುಕೊಳ್ಳಿ. ಇಂಗ್ಲೆಂಡಿನಲ್ಲಿ 1926ರ ಒಂದು ಕೇಸಿದೆ. ರಸ್ತೆಗೆ ಚಾಚಿದ್ದ ಬೀಚ್ ಮರದ ಕೊಂಬೆ ಮುರಿದು ಬಸ್ಸಿನ ಮೇಲೆ ಬಿತ್ತು. ಒಳಗಿನ ದೋಷ ಮಾಲೀಕನಿಗೆ ಗೊತ್ತಾಗುವ ಹಾಗಿರಲಿಲ್ಲ, ಅದಕ್ಕೆ ಅವನು ಪಾರಾದ. ನಮ್ಮ ಕೋರ್ಟುಗಳಲ್ಲೂ ಕೇಳುವ ಪ್ರಶ್ನೆ ಅದೇ: ಅಪಾಯ ಮರದವರಿಗೆ ಗೊತ್ತಿತ್ತೇ, ಇಲ್ಲವೇ ಗೊತ್ತಾಗಬೇಕಿತ್ತೇ? ನಿಮ್ಮ ಪತ್ರ ಕೈಸೇರಿದ ಮೇಲೆ “ಗಾಳಿ ಬಂತು, ದೇವರ ಇಚ್ಛೆ” ಅನ್ನುವುದು ಕಷ್ಟ.

ಅವರು ಒಪ್ಪಿದರೂ ಕೊಡಲಿ ಎತ್ತುವ ಮೊದಲು ಅನುಮತಿ ಬೇಕೇ ಅಂತ ವಿಚಾರಿಸಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಲವು ಜಾತಿಯ ಮರಗಳಿಗೆ ವೃಕ್ಷಾಧಿಕಾರಿಯ ಅನುಮತಿ ಕೇಳಬೇಕಾಗುತ್ತದೆ. ವಲಯ ಅರಣ್ಯ ಕಚೇರಿಯಲ್ಲಿ ಕೇಳಿದರೆ ದಾರಿ ಹೇಳುತ್ತಾರೆ. ಜೀವಕ್ಕೋ ಆಸ್ತಿಗೋ ಅಪಾಯ ಇರುವ ಮರಕ್ಕೆ ಅನುಮತಿ ನಿರಾಕರಿಸಬಾರದು ಅಂತ ಅದೇ ಕಾಯ್ದೆ ಹೇಳುತ್ತದೆ. ಆದ್ದರಿಂದ ಅರ್ಜಿಯಲ್ಲಿ ಆ ಮಾತನ್ನೇ ಬರೆಯಿರಿ. ತೆಂಗು, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್‌ಗೆ ಈ ಅನುಮತಿಯ ಗೋಜಿಲ್ಲ.

ಒಪ್ಪದಿದ್ದರೆ? ಜಾಸ್ತಿ ಜನ ಪೊಲೀಸ್ ಠಾಣೆಗೆ ಹೋಗುತ್ತಾರೆ. ಹೋಗಬೇಕಾದದ್ದು ಎಸಿ ಆಫೀಸಿಗೆ, ಅಂದರೆ ಉಪವಿಭಾಗಾಧಿಕಾರಿಯ ಹತ್ತಿರ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್, ಅಂದರೆ ಹಳೇ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 133, ಬಿದ್ದು ಅಕ್ಕಪಕ್ಕದವರಿಗೋ ದಾರಿಹೋಕರಿಗೋ ಏಟಾಗುವಂಥ ಮರವನ್ನು ಹೆಸರಿಟ್ಟೇ ಹೇಳುತ್ತದೆ. ಉಪವಿಭಾಗಾಧಿಕಾರಿ ಮರ ತೆಗೆಸಲು ಆದೇಶಿಸಬಹುದು, ಇಲ್ಲವೇ ಆಸರೆ ಕೊಡಲು. ಅಂದರೆ ಸರಿಗೆ ಕಟ್ಟಿ ಇನ್ನೊಂದು ಬುಡಕ್ಕೆ ಬಿಗಿಯುವ ನಮ್ಮೂರ ಉಪಾಯಕ್ಕೂ ಕಾನೂನಿನಲ್ಲಿ ಜಾಗವಿದೆ! ಎದುರಿನವರು ಆಕ್ಷೇಪಿಸಿದರೆ ವಿಚಾರಣೆ ನಡೆಯುತ್ತದೆ. ಅದು 90 ದಿನದಲ್ಲಿ, ಕಾರಣ ಬರೆದು ವಿಸ್ತರಿಸಿದರೆ 120 ದಿನದಲ್ಲಿ ಮುಗಿಯಬೇಕು. ಆದೇಶ ಪಾಲಿಸದಿದ್ದರೆ ಅಧಿಕಾರಿಯೇ ಕೆಲಸ ಮಾಡಿಸಿ ಖರ್ಚು ವಸೂಲಿ ಮಾಡಬಹುದು. ಮಳೆಗಾಲಕ್ಕೆ ಮೊದಲೇ ಅರ್ಜಿ ಹಾಕಿ ಅನ್ನುವುದು ಇದಕ್ಕೇ.

ಒಂದು ಎಚ್ಚರಿಕೆ. ಎಲೆ ಉದುರುತ್ತದೆ, ಬಿಸಿಲು ಬರುವುದಿಲ್ಲ ಅಂತ ಬರೆದರೆ “ಇದು ನಿಮ್ಮಿಬ್ಬರ ಜಗಳ, ಸಿವಿಲ್ ಕೋರ್ಟಿಗೆ ಹೋಗಿ” ಅಂತ ವಾಪಸ್ ಕಳಿಸಬಹುದು. ಮರದ ಕೆಳಗೆ ಯಾರು ಮಲಗುತ್ತಾರೆ, ಯಾರು ಓಡಾಡುತ್ತಾರೆ ಅಂತ ಬರೆಯಿರಿ.

ಸಿವಿಲ್ ಕೋರ್ಟು ನಿಧಾನ. ಅದಕ್ಕೂ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಕೇಸು ದಾಖಲಾಗದೆಯೇ ಲೋಕ ಅದಾಲತ್‌ನಲ್ಲಿ ರಾಜಿಯಾಗಬಹುದು. ಕೋರ್ಟ್ ಫೀ ಇಲ್ಲ, ಅಲ್ಲಿ ಆದ ರಾಜಿ ಸಿವಿಲ್ ಕೋರ್ಟಿನ ತೀರ್ಪಿಗೆ (ಡಿಕ್ರಿಗೆ) ಸಮ.

ಅಷ್ಟರಲ್ಲಿ ಮರ ಕರೆಂಟ್ ತಂತಿಗೆ ತಾಗುತ್ತಿದ್ದರೆ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಈಗಲೋ ಆಗಲೋ ಬೀಳುವ ಹಾಗಿದ್ದರೆ ತುರ್ತು ಸಹಾಯದ 112.

ರಾತ್ರಿ ಸುಮ್ನೆ ಹೋಗಿ ಬುಡಕ್ಕೆ ಆಸಿಡ್ ಸುರಿಯುವವರೂ ಇದ್ದಾರೆ. ಆಮೇಲೆ ಕೇಸು ನಿಮ್ಮ ಮೇಲೇ, ಒಣಗಿದ ಮರ ಬೀಳುವುದೂ ನಿಮ್ಮ ಮೇಲೇ. ಗಡಿ ದಾಟಿ ಬಂದ ಗೆಲ್ಲನ್ನು ನಿಮ್ಮ ಜಾಗದಲ್ಲೇ ನಿಂತು, ಗಡಿಯ ತನಕ ಕತ್ತರಿಸುವುದನ್ನು ಹಳೆಯ ತೀರ್ಪುಗಳು ಒಪ್ಪಿವೆ. ಆದರೆ ಅನುಮತಿ ಬೇಕಾದ ಮರವಾದರೆ ಗೆಲ್ಲಿಗೂ ಕೇಳಿಯೇ ಕೈ ಹಾಕಿ. ಕತ್ತರಿಸಿದ ಗೆಲ್ಲು, ಅದರಲ್ಲಿದ್ದ ಕಾಯಿ ಮರದವರದ್ದೇ.

ನಮ್ಮ ಬಚ್ಚಲಿನ ಮೇಲೆ ಬಿದ್ದ ಮರದ ಕಾಯಿಗಳನ್ನು ಅವರು ಮರುದಿನ ಬೆಳಿಗ್ಗೆಯೇ ಬಂದು ಹೆಕ್ಕಿಕೊಂಡು ಹೋದರು. ಕಾನೂನಿನ ಪ್ರಕಾರ ಅದು ಸರಿಯೇ.