ವಿಷುವಿನಿಂದ ಪತ್ತನಾಜೆಗೆ: ಮಳೆಮರೆ ಸಜ್ಜು ಮಾಡಲು ನಲವತ್ತು ದಿನ

ಕಾಸರಗೋಡಿನಲ್ಲಿ ಮಳೆಮರೆ, ಅಂದರೆ ತರಕಾರಿ ಬೆಳೆಯಲು ಪ್ಲಾಸ್ಟಿಕ್ ಹಾಳೆಯ ಮಾಡು (ಚಾವಣಿ) ಹೊದಿಸಿದ ಚಪ್ಪರ, ಕಟ್ಟುವುದು ಗಿಡಕ್ಕೆ ಬಿಸಿ ಕೊಡಲಿಕ್ಕಲ್ಲ, ಮಳೆ ತಪ್ಪಿಸಲಿಕ್ಕೆ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಅದರಲ್ಲೂ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಮಾಡಿನ ಹಾಳೆ ಮೇಲಿನ ನೀರನ್ನು ತಡೆಯುತ್ತದೆ. ಬೆಳೆ ಹಾಳಾಗುವುದು ಹೆಚ್ಚಾಗಿ ಕೆಳಗಿನಿಂದ ಒಸರುವ ನೀರಿನಿಂದ, ಒಳಗೆ ಕಟ್ಟಿಕೊಳ್ಳುವ ಹಬೆಯಿಂದ, ಹುಳಿ ಮಣ್ಣಿನಿಂದ. ಈ ಮೂರನ್ನೂ ಸರಿಮಾಡಲು ವಿಷು ಕಳೆದ ಮರುದಿನದಿಂದ ತುಳು ತಿಂಗಳು ಬೇಶದ ಹತ್ತನೇ ದಿನವಾದ ಪತ್ತನಾಜೆಯವರೆಗೆ, ಅಂದರೆ ಏಪ್ರಿಲ್ 15ರಿಂದ ಮೇ 24ರ ಆಸುಪಾಸಿನವರೆಗೆ, ನಲವತ್ತು ದಿನ ಸಿಗುತ್ತದೆ. ಪತ್ತನಾಜೆ ಕಳೆದ ಮೇಲೆ ಹಾರೆ ಹಿಡಿದರೆ ಮಣ್ಣು ಮುದ್ದೆಯಾಗುತ್ತದೆಯೇ ಹೊರತು ಹುಡಿಯಾಗುವುದಿಲ್ಲ.

ಮೊದಲು ಮಾಡಿನ ಕೆಲಸ

ಹಳೆ ಬಳ್ಳಿ, ಬೇರು, ದಾರ, ಉದುರಿದ ಎಲೆ ಎಲ್ಲವನ್ನೂ ಹೊರಹಾಕಿ. ರೋಗ ಬಂದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕದೆ ಸುಟ್ಟುಬಿಡಿ. ನಂತರ ಹಾಳೆ ನೋಡಿ. ಮಳೆಮರೆಗೆ ಬಳಸುವುದು 200 ಮೈಕ್ರಾನ್ ದಪ್ಪದ, ಬಿಸಿಲು ತಾಳುವ ಯುವಿ ಹಾಳೆ. ಸಾಮಾನ್ಯವಾಗಿ ಮೂರು ಮಳೆಗಾಲ ಬಾಳುತ್ತದೆ. ಮೂಲೆ ಮಡಚಿ ನೋಡಿ: ಮಡಿಕೆಯಲ್ಲಿ ಬಿರಿದರೆ ಅದರ ಕಾಲ ಮುಗಿಯಿತು. ಗಟ್ಟಿ ಇದ್ದರೆ ಮೆದು ಬಟ್ಟೆ, ಸಾಬೂನು ನೀರಿನಿಂದ ಪಾಚಿ, ಧೂಳು ಒರೆಸಿ. ಮಳೆಗಾಲದಲ್ಲಿ ಇರುವುದೇ ಮಂದ ಬೆಳಕು. ಪಾಚಿ ಅದರಲ್ಲೂ ಪಾಲು ಕೇಳುತ್ತದೆ. ಬೇಸಗೆಯಲ್ಲಿ ಒಳಗೆ ಕಟ್ಟಿದ ನೆರಳುಬಲೆಯನ್ನು ಮೇ ತಿಂಗಳಲ್ಲೇ ಬಿಚ್ಚಿಡಿ. ಜುಲೈಯಲ್ಲಿ ಟೊಮೆಟೊ ಗಿಡ ಉದ್ದ ಹೋಗಿ ಹೂ ಉದುರಿಸಲು ಅರ್ಧ ಕಾರಣ ಮರೆತುಹೋದ ಆ ಬಲೆಯೇ.

ಸಣ್ಣ ಹರಿತಕ್ಕೆ ಯುವಿ ಟೇಪನ್ನು ಒಳಗೂ ಹೊರಗೂ ಅಂಟಿಸಿ. ಹಾಳೆ ಮೊದಲು ಹರಿಯುವುದು ಬಿಸಿಯಾದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೆ ತಾಗುವಲ್ಲಿ. ಹಾಗಾಗಿ ಪೈಪಿನ ಮೇಲ್ಭಾಗಕ್ಕೆ ಬಿಳಿ ಬಣ್ಣ ಹೊಡೆಯಿರಿ, ಇಲ್ಲವೇ ಹಳೆ ಹಾಳೆಯ ಪಟ್ಟಿ ಸುತ್ತಿ. ಹೊಸ ಹಾಳೆ ಹೊದಿಸುವುದಾದರೆ ಗಾಳಿ ಇಲ್ಲದ ಬೆಳಗ್ಗೆ, ಬಿಸಿಲು ಸ್ವಲ್ಪ ಏರಿದ ಮೇಲೆ ಹೊದಿಸಿ. ತಂಪಿನಲ್ಲಿ ಎಳೆದು ಕಟ್ಟಿದ್ದು ಮಧ್ಯಾಹ್ನ ಸಡಿಲವಾಗುತ್ತದೆ, ಸಡಿಲವಾದಲ್ಲಿ ನೀರು ನಿಂತು ಹೊಟ್ಟೆ ಬರುತ್ತದೆ. ಒಂದು ಚದರ ಮೀಟರಿನಲ್ಲಿ 10 ಸೆಂ.ಮೀ. ನೀರು ನಿಂತರೆ ಅದರ ತೂಕ 100 ಕಿಲೋ. ಮಾಡು ಜಗ್ಗಲು ಅಷ್ಟು ಸಾಕು.

ಬದಿ ತೆರೆದೇ ಇರಬೇಕು. ನೀರು ಸಿಡಿಯುವುದನ್ನು ತಪ್ಪಿಸಲು ಕೆಳಗಿನ ಒಂದು ಮೀಟರ್ ಮಾತ್ರ ಮರೆಮಾಡಿ. ಮಳೆ ಓರೆಯಾಗಿ ಹೊಡೆಯುತ್ತದೆಂದು ಸುತ್ತ ಮಾಡಿನವರೆಗೂ ಹಾಳೆ ಬಿಗಿದರೆ ಒಳಗೆ ಇಡ್ಲಿ ಪಾತ್ರೆಯ ಹಬೆ. ಎಲೆ ಒಣಗುವುದೇ ಇಲ್ಲ, ಬೂಷ್ಟು ಬರುತ್ತದೆ. ಸಣ್ಣ ಕಣ್ಣಿನ 40 ಮೆಷ್ ಬಲೆ ಸುತ್ತಿದ ಮುಚ್ಚಿದ ಪಾಲಿಹೌಸಿಗೆ ಇನ್ನೊಂದು ತೊಡಕು, ಜೇನುನೊಣ ಒಳಬರುವುದಿಲ್ಲ. ಅಲಸಂಡೆ ತನ್ನಷ್ಟಕ್ಕೇ ಕಾಯಿ ಕಟ್ಟುತ್ತದೆ, ಪರಾಗ ಬೇಡದ ಸಲಾಡ್ ಸೌತೆಯೂ ಸರಿ. ಹಾಗಲಕ್ಕಾದರೆ ದಿನಾ ಬೆಳಗ್ಗೆ ಗಂಡು ಹೂ ಕೊಯ್ದು ಹೆಣ್ಣು ಹೂವಿಗೆ ಮುಟ್ಟಿಸಬೇಕು. ಅಷ್ಟು ಪುರುಸೊತ್ತು ಇಲ್ಲದವರು ಅದನ್ನು ಒಳಗೆ ನೆಡದಿರುವುದೇ ಲೇಸು.

ಕಣಿ

100 ಚದರ ಮೀಟರ್ ಮಾಡಿನ ಮೇಲೆ ಒಂದು ದಿನ 100 ಮಿ.ಮೀ. ಮಳೆ ಬಿದ್ದರೆ 10,000 ಲೀಟರ್ ನೀರು ಸೂರಿನಿಂದ ಇಳಿಯುತ್ತದೆ. ಅದಕ್ಕೆ ಸುತ್ತಲೂ 45 ಸೆಂ.ಮೀ. ಅಗಲ, 30 ಸೆಂ.ಮೀ. ಆಳದ ಕಣಿ, ಅಂದರೆ ಚರಂಡಿ, ಬೇಕು. ಇಳಿಜಾರಿನ ಕಡೆಗೆ ಬಾಯಿ ಇರಬೇಕು. ಗುಡ್ಡದ ಬದಿಯ ಕಣಿ ಇನ್ನೂ ಆಳ ಇರಲಿ, ಮುರಕಲ್ಲಿನ ಪದರದ ಮೇಲೆ ಹರಿದು ಬರುವ ಒಸರು ಅಲ್ಲಿಂದಲೇ ಒಳನುಗ್ಗುವುದು. ಕಣಿಯಿಂದ ತೆಗೆದ ಮಣ್ಣನ್ನು ಒಳಗಿನ ಸಾಲಿಗೆ ಹಾಕಿ. ಸಾಲು 90 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರ, ನಡುವೆ ನಡೆದಾಡಲು 50 ಸೆಂ.ಮೀ.

ಮಣ್ಣು: ಸುಣ್ಣ ಮೊದಲು, ಗೊಬ್ಬರ ಆಮೇಲೆ

ಮಾಡಿನಡಿಯ ಮಣ್ಣಿಗೆ ಮಳೆ ತಾಗುವುದಿಲ್ಲ. ವರ್ಷ ವರ್ಷ ಹಾಕಿದ ಗೊಬ್ಬರದ ಉಪ್ಪು ಮೇಲೆ ಬಿಳಿ ಹೊಪ್ಪಳೆಯಾಗಿ ಕೂರುತ್ತದೆ, ಗಿಡದ ಎಲೆಯಂಚು ಸುಟ್ಟಂತಾಗುತ್ತದೆ. ಈ ವರ್ಷ ಹಾಳೆ ಬದಲಿಸುವುದಿದ್ದರೆ ಹಳೆಯದನ್ನು ಬೇಗ ತೆಗೆದು ಒಂದೆರಡು ಬೇಸಗೆ ಮಳೆಗೆ ಮಣ್ಣು ತೋಯಲಿ. ಉಪ್ಪು ತೊಳೆಯಲು ಇಷ್ಟು ಅಗ್ಗದ ಉಪಾಯ ಬೇರೆ ಇಲ್ಲ. ಬದಲಿಸುವುದಿಲ್ಲವಾದರೆ ಪೈಪು ಹಿಡಿದು ನೀರು ಒಂದಡಿ ಕೆಳಗೆ ಇಳಿಯುವಂತೆ ಎರಡು ಮೂರು ಸಲ ಉಣಿಸಿ.

ನಮ್ಮ ಕೆಂಪು ಮುರಮಣ್ಣು ಹುಳಿ. ಮಣ್ಣು ಪರೀಕ್ಷೆಗೆ 15 ಸೆಂ.ಮೀ. ಆಳದಿಂದ ಹಲವು ಕಡೆ ತೆಗೆದು, ಬೆರಸಿ, ನೆರಳಲ್ಲಿ ಒಣಗಿಸಿದ ಅರ್ಧ ಕಿಲೋ ಸಾಕು. ಎಲ್ಲಿ ಕೊಡಬೇಕೆಂದು ಕೃಷಿಭವನದಲ್ಲಿ ವಿಚಾರಿಸಿ. ಪಿಎಚ್ (ಮಣ್ಣಿನ ಹುಳಿಯ ಅಳತೆ) 5ಕ್ಕಿಂತ ಕೆಳಗಿದ್ದರೆ ಸೆಂಟ್ಸಿಗೆ, ಅಂದರೆ 40 ಚದರ ಮೀಟರಿಗೆ, ಎರಡೂವರೆ ಕಿಲೋ ಸುಣ್ಣ; 5ರಿಂದ 5.5ರ ಒಳಗಿದ್ದರೆ ಒಂದೂವರೆ ಕಿಲೋ. ಹುಡಿಮಾಡಿ ಎರಚಿ, ಕೊತ್ತಿ, ನೀರು ಹಾಕಿ. ಸುಣ್ಣ ಬಿದ್ದ ದಿನವೇ ಹಟ್ಟಿಗೊಬ್ಬರ ಹಾಕಿದರೆ ಮೂಗಿಗೆ ಘಾಟು ಬಡಿಯುತ್ತದಲ್ಲ, ಅದು ಗಿಡಕ್ಕೆ ಸಿಗಬೇಕಾದ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುವ ವಾಸನೆ. ನಡುವೆ ಎರಡು ವಾರ ಬಿಡಿ. ಬೂದಿಯೂ ಕ್ಷಾರವೇ ಆದ್ದರಿಂದ ಸುಡುಮಣ್ಣನ್ನೂ (ಕಸಕಡ್ಡಿಯೊಂದಿಗೆ ಸುಟ್ಟ ಮಣ್ಣು) ಸುಣ್ಣದ ಜೊತೆಗೇ ಮುಗಿಸಿಕೊಳ್ಳಿ.

ಆ ಎರಡು ವಾರವನ್ನು ವ್ಯರ್ಥಮಾಡದೆ ನಾಲ್ಕು ವಾರಕ್ಕೆ ಹಿಗ್ಗಿಸಿ ಮಣ್ಣನ್ನು ಬಿಸಿಲಿಗೆ ಬೇಯಿಸಬಹುದು. ಸಾಲನ್ನು ಸಮಮಾಡಿ, ಚೆನ್ನಾಗಿ ನೆನೆಸಿ, ತೆಳ್ಳಗಿನ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮಣ್ಣಿಗೆ ತಾಗುವಂತೆ ಹೊದಿಸಿ, ಅಂಚಿಗೆಲ್ಲ ಮಣ್ಣು ಒತ್ತಿ. ಕಪ್ಪು ಹಾಳೆ ಬೇಡ, ಅದು ತಾನು ಕಾಯುತ್ತದೆ, ಮಣ್ಣನ್ನು ಅಷ್ಟು ಕಾಯಿಸುವುದಿಲ್ಲ. ಏಪ್ರಿಲ್ 17ಕ್ಕೆ ಹೊದಿಸಿದರೆ ಮೇ 15ಕ್ಕೆ ತೆಗೆಯಬಹುದು. ಆಮೇಲೆ ಆಳಕ್ಕೆ ಅಗೆಯಬೇಡಿ. ಬೇಯದೆ ಉಳಿದ ಕೆಳಗಿನ ಮಣ್ಣು ಮೇಲೆ ಬಂದರೆ ಕಳೆಬೀಜವೂ ರೋಗಾಣುವೂ ಅದರೊಟ್ಟಿಗೆ ಬರುತ್ತವೆ.

ಗೊಬ್ಬರವನ್ನು ಮೇ 1ಕ್ಕೇ ಬೆರಸಿಡಿ: 90 ಕಿಲೋ ಒಣ ಹಟ್ಟಿಗೊಬ್ಬರ, 10 ಕಿಲೋ ಬೇವಿನ ಹಿಂಡಿ, ಒಂದರಿಂದ ಎರಡು ಕಿಲೋ ಟ್ರೈಕೋಡರ್ಮ (ರೋಗ ತಡೆಯುವ ಒಳ್ಳೆಯ ಬೂಷ್ಟು). ನೀರು ಚಿಮುಕಿಸಿ ಬೆರಸಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿನಿಂದ ನೀರು ಇಳಿಯಬಾರದು. ನೆರಳಲ್ಲಿ ರಾಶಿ ಹಾಕಿ ಒದ್ದೆ ಗೋಣಿ ಮುಚ್ಚಿ. ವಾರಕ್ಕೊಮ್ಮೆ ಮಗುಚಿ. ಹದಿನೈದು ದಿನದಲ್ಲಿ ಹಸಿರು ಬೂಷ್ಟು ಹಬ್ಬಿದ್ದು ಕಾಣುತ್ತದೆ, ಅದೇ ಬೇಕಾದ್ದು. ಇದು ಒಂದು ಸೆಂಟ್ಸಿಗೆ ಸಾಕು.

ಸೊರಗು ರೋಗದ ಲೆಕ್ಕ

ಟೊಮೆಟೊ, ಬದನೆ, ಮೆಣಸು ಹಸಿರಾಗಿರುವಾಗಲೇ ಒಂದೇ ದಿನದಲ್ಲಿ ಬಾಡಿ ಬೀಳುವುದು ಇಲ್ಲಿನ ದೊಡ್ಡ ಕಾಟ. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕೊಯ್ದು, ತುಂಡನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗಾಡದಂತೆ ಹಿಡಿಯಿರಿ. ಕೆಲವು ನಿಮಿಷದಲ್ಲಿ ಕೊಯ್ದ ಬಾಯಿಯಿಂದ ಹಾಲಿನ ಎಳೆಯಂತೆ ಬಿಳಿ ದ್ರವ ಇಳಿದರೆ ಅದು ಬ್ಯಾಕ್ಟೀರಿಯದ ಸೊರಗು. ಅಂಥ ಸಾಲಿಗೆ ಈ ಸಲ ಆ ಮೂರೂ ಬೇಡ, ಅಲಸಂಡೆ ಹಾಕಿ. ಉಳಿದಲ್ಲಿಗೂ ತಡೆ ಇರುವ ತಳಿಯನ್ನೇ ಆರಿಸಿ: ಕೇರಳ ಕೃಷಿ ವಿಶ್ವವಿದ್ಯಾಲಯದ ಟೊಮೆಟೊ ಶಕ್ತಿ, ಮುಕ್ತಿ, ಅನಘ, ಬದನೆ ಸೂರ್ಯ, ಹರಿತ, ಮೆಣಸು ಉಜ್ವಲ, ಅನುಗ್ರಹ.

ಬೀಜ ಬಿತ್ತುವುದು ಏಪ್ರಿಲ್ ಕೊನೆಯ ವಾರ, 98 ಗುಳಿಯ ಪ್ರೋಟ್ರೇಯಲ್ಲಿ (ಸಸಿ ತಟ್ಟೆ). ಕಳಿತ ತೆಂಗಿನ ನಾರಿನ ಹುಡಿ, ಎರೆಗೊಬ್ಬರ ಸಮಪಾಲು ತುಂಬಿಸಿ. ಹಸಿ ನಾರಿನ ಹುಡಿ ಹಾಕಿದರೆ ಅದರ ಕಂದು ಒಗರು ಬೇರನ್ನು ಕುಂಠಿಸುತ್ತದೆ. 25ರಿಂದ 30 ದಿನಕ್ಕೆ ಸಸಿ ತಯಾರು. ನೆಡುವ ಮುಂಚೆ ಲೀಟರ್ ನೀರಿಗೆ 20 ಗ್ರಾಂ ಸ್ಯೂಡೊಮೊನಾಸ್ (ರೋಗ ತಡೆಯುವ ಬ್ಯಾಕ್ಟೀರಿಯದ ಹುಡಿ) ಕಲಸಿ ಬೇರನ್ನು ಇಪ್ಪತ್ತು ನಿಮಿಷ ಅದ್ದಿ. ಟೊಮೆಟೊಗೆ ಗಿಡದಿಂದ ಗಿಡಕ್ಕೆ 60 ಸೆಂ.ಮೀ.

ಹನಿ ನೀರು

ಹೊರಗೆ ಧೋ ಎಂದು ಸುರಿಯುವಾಗ ಒಳಗಿನ ಗಿಡ ಬಾಯಾರಿ ಒಣಗುವುದು ತಮಾಷೆಯಂತೆ ಕೇಳುತ್ತದೆ, ಆದರೆ ಮಳೆಮರೆಯಲ್ಲಿ ಜುಲೈಯಲ್ಲೂ ನೀರುಣಿಸಲೇಬೇಕು. ಬಾವಿ ಅಥವಾ ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಕೆಂಪು ಕೆಸರು ಕಟ್ಟಿ ಹನಿಬಾಯಿ ಮುಚ್ಚುತ್ತದೆ. ಪೈಪುಗಳ ಕೊನೆಯ ಮುಚ್ಚಳ ಬಿಚ್ಚಿ ತಿಳಿನೀರು ಬರುವವರೆಗೆ ಹರಿಸಿ, ಫಿಲ್ಟರ್ ತೊಳೆಯಿರಿ. ನಂತರ ಹತ್ತು ಕಡೆ ಹನಿಬಾಯಿಯಡಿ ಲೋಟ ಇಟ್ಟು ಐದು ನಿಮಿಷ ಬಿಡಿ. ಗಂಟೆಗೆ 2 ಲೀಟರಿನ ಹನಿಬಾಯಿಯಾದರೆ ಲೋಟದಲ್ಲಿ ಸುಮಾರು 165 ಮಿ.ಲೀ. ಸಿಗಬೇಕು. 120ಕ್ಕಿಂತ ಕಡಿಮೆ ಬಿದ್ದದ್ದನ್ನು ಬದಲಿಸಿ.

ಹೊರಗಿನ ನಟ್ಟಿಕಾಯಿ (ತರಕಾರಿ)

ಬೆಂಡೆಯನ್ನು ಮಳೆ ಹಿಡಿಯುವ ಮುನ್ನವೇ ಏರು ಸಾಲಿಗೆ ಬಿತ್ತಿ, 60 ಸೆಂ.ಮೀ. ಸಾಲು, 45 ಸೆಂ.ಮೀ. ಗಿಡ. ಮೊದಲ ಜಡಿಮಳೆಗೆ ನಾಲ್ಕು ಎಲೆ ಬಂದಿರಬೇಕು, ಎಳೆ ಮೊಳಕೆಯಾಗಿದ್ದರೆ ಕೊಳೆಯುತ್ತದೆ. ಕೆಂಪು ಹರಿವೆಗೆ ಮಳೆಗಾಲದಲ್ಲಿ ಎಲೆಚುಕ್ಕೆ ತಪ್ಪದು; ಹಸಿರು ಸಿಒ-1 ಅದನ್ನು ತಾಳಿಕೊಳ್ಳುತ್ತದೆ. ಬುಡಕ್ಕೆ ಅಡಿಕೆ ಸೋಗೆಯೋ ಒಣ ಸೊಪ್ಪೋ ಹಾಸಿದರೆ ಕೆಸರು ಸಿಡಿಯುವುದಿಲ್ಲ, ಆದರೆ ಕಾಂಡದಿಂದ ನಾಲ್ಕು ಬೆರಳು ದೂರ ಇರಲಿ.

ಪತ್ತನಾಜೆಯ ಆಸುಪಾಸು ಸಂಜೆ ಗುಡುಗು ಗಾಳಿಯೊಂದಿಗೆ ಒಂದು ದೊಡ್ಡ ಮಳೆ ಬಂದೀತು. ಗುಡುಗು ಅಡಗಿದ ಮೇಲೆ, ಮಳೆ ನಿಲ್ಲುವ ಮೊದಲೇ ಮಳೆಮರೆಯೊಳಗೆ ಹೋಗಿ ನಿಂತು ನೋಡಿ: ಹಾಳೆ ಎಲ್ಲಿ ಹೊಟ್ಟೆ ಬಿಡುತ್ತಿದೆ, ಸೂರಿನ ನೀರು ಕಣಿಗೆ ಬೀಳುತ್ತಿದೆಯೇ ಸಾಲಿಗೆ ಸಿಡಿಯುತ್ತಿದೆಯೇ, ಸಾಲಿನ ಬುಡ ಎಲ್ಲಿ ಕಪ್ಪಗೆ ಒದ್ದೆಯಾಗುತ್ತಿದೆ. ಅಲ್ಲಲ್ಲಿ ಒಂದೊಂದು ಕೋಲು ನೆಟ್ಟು ಗುರುತು ಮಾಡಿ, ಮರುದಿನ ಅಷ್ಟನ್ನು ಸರಿಮಾಡಿ ಸಸಿ ನೆಡಿ.