ತಿಗಣೆ ಹೋದ ಮೇಲೂ ನಿಲ್ಲದ ತುರಿಕೆ

ತಿಗಣೆಗೆ ಔಷಧಿ ಹೊಡೆಸಿದ ರಾತ್ರಿಯಿಂದಲೇ ನೆಮ್ಮದಿಯ ನಿದ್ದೆ ಬರುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ರಾಜಾಜಿನಗರದ ನಮ್ಮ ಬಾಡಿಗೆ ಮನೆಯಲ್ಲಿ ಹಾಗಾಗಲಿಲ್ಲ. ಪೆಸ್ಟ್ ಕಂಟ್ರೋಲ್‌ನವರು ಮಂಚದ ಸಂದು, ಗೋಡೆಯ ಬಿರುಕು, ಸ್ವಿಚ್ ಬೋರ್ಡಿನ ಅಂಚು ಯಾವುದನ್ನೂ ಬಿಡದೆ ಸಿಂಪಡಿಸಿ ಹೋದ ಮೇಲೂ ಅತ್ತೆಯವರ ತೋಳು, ಮಗಳ ಕಾಲು, ನನ್ನ ಸೊಂಟ ತುರಿಸುತ್ತಲೇ ಇದ್ದವು. ನನ್ನ ಯಜಮಾನರಿಗೆ ಮಾತ್ರ ಏನೂ ಆಗಲಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗಿದವರಲ್ಲಿ ಒಬ್ಬರಿಗೆ ಮೈತುಂಬ ಗಂದೆ ಎದ್ದು, ಇನ್ನೊಬ್ಬರಿಗೆ ಗುರುತೂ ಬೀಳದಿರುವುದು ತಿಗಣೆಯ ವಿಷಯದಲ್ಲಿ ಸಾಮಾನ್ಯ. ತಿಗಣೆಯ ಜೊಲ್ಲಿಗೆ ಒಬ್ಬೊಬ್ಬರ ಮೈ ಒಂದೊಂದು ರೀತಿ ಕೆರಳುತ್ತದೆ.

ಅಕ್ಕಪಕ್ಕದವರು ಒಂದೊಂದು ದಾರಿ ಹೇಳಿದರು. ಇನ್ನೊಮ್ಮೆ ಔಷಧಿ ಹೊಡೆಸಿ, ಬೇವಿನ ನೀರು ಸ್ನಾನ ಮಾಡಿಸಿ, ಇದು ಕಜ್ಜಿಯೇ ಇರಬೇಕು ನೋಡಿ. ಯಾವುದನ್ನು ಮಾಡುವುದಕ್ಕೂ ಮೊದಲು ನನಗೆ ತಿಳಿಯಬೇಕಾಗಿದ್ದದ್ದು ಒಂದೇ: ಇವು ಹಳೆಯ ಕಡಿತಗಳೋ, ಹೊಸವೋ?

ಇದನ್ನು ಚರ್ಮ ನೋಡಿ ಹೇಳುವುದು ಕಷ್ಟ. ಕಚ್ಚಿದ ಕೆಲವು ಗಂಟೆಗಳಲ್ಲೇ ದದ್ದು ಏಳಬಹುದು, ಎರಡು ವಾರ ಕಳೆದ ಮೇಲೂ ಏಳಬಹುದು. ಆದ್ದರಿಂದ ನಾನು ಮೈಯ ಜೊತೆಗೆ ಹಾಸಿಗೆಯನ್ನೂ ಗಮನಿಸತೊಡಗಿದೆ. ಇದ್ದ ದದ್ದುಗಳ ಸುತ್ತ ಬಾಲ್ ಪೆನ್ನಿನಿಂದ ಗೆರೆ ಎಳೆದು ಮೊಬೈಲ್‌ನಲ್ಲಿ ಚಿತ್ರ ತೆಗೆದಿಟ್ಟೆ. ಮಂಚವನ್ನು ಗೋಡೆಯಿಂದ ಈಚೆಗೆ ಎಳೆದು, ಅಪ್ಪಟ ಬಿಳಿಯ ಹೊದಿಕೆ ಹಾಸಿ, ಅದರ ಅಂಚು ನೆಲಕ್ಕೆ ತಾಗದಂತೆ ಮಡಚಿದೆ. ಮಂಚದ ಕಾಲುಗಳ ಕೆಳಗೆ ನುಣುಪಾದ ಪ್ಲಾಸ್ಟಿಕ್ ಬಟ್ಟಲುಗಳನ್ನಿಟ್ಟು ಒಳಬದಿಗೆ ಟಾಲ್ಕಂ ಪುಡಿ ಸವರಿದೆ. ನುಣುಪು ಗೋಡೆಯನ್ನು ತಿಗಣೆ ಹತ್ತಲಾರದು, ಬಿದ್ದದ್ದು ಅಲ್ಲೇ ಉಳಿಯುತ್ತದೆ. ಬೆಳಿಗ್ಗೆ ಟಾರ್ಚ್ ಹಿಡಿದು ಹಾಸಿಗೆಯ ಹೊಲಿಗೆಯ ಉದ್ದಕ್ಕೂ ನೋಡುತ್ತಿದ್ದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹರಡುವ ಕಪ್ಪು ಚುಕ್ಕಿಗಳು ತಿಗಣೆಯ ಹಿಕ್ಕೆ, ಅದು ಕುಡಿದು ಅರಗಿಸಿದ ರಕ್ತ.

ಸ್ವಲ್ಪ ದಿನಗಳ ಮೇಲೆ ಬಟ್ಟಲಿನಲ್ಲಿ ಎಳ್ಳಿಗಿಂತ ಸಣ್ಣ, ತೆಳು ಹಳದಿ ಮರಿಗಳು ಸಿಕ್ಕವು. ಆಗ ಎಲ್ಲ ಸ್ಪಷ್ಟವಾಯಿತು. ಸಿಂಪಡಿಸುವ ಔಷಧಿಗಳಲ್ಲಿ ಹಲವು ಮೊಟ್ಟೆಯನ್ನು ಮುಟ್ಟುವುದಿಲ್ಲ, ಬೆಚ್ಚಗಿನ ಕೋಣೆಯಲ್ಲಿ ಸುಮಾರು 6ರಿಂದ 10 ದಿನಗಳಲ್ಲಿ ಅವು ಒಡೆಯುತ್ತವೆ. ಅದಕ್ಕೇ ಎರಡು ವಾರಗಳ ಆಸುಪಾಸಿನಲ್ಲಿ ಎರಡನೆಯ ಸಿಂಪಡಣೆ ಬೇಕು. ಒಂದೇ ಬಾರಿಗೆ ಮುಗಿಯುತ್ತದೆ ಎಂದು ಹಣ ಪಡೆದವರೊಡನೆ ನಾನು ಪಟ್ಟು ಹಿಡಿದು ಎರಡನೆಯದನ್ನು ಮಾಡಿಸಿಕೊಂಡೆ. ನೀವು ಮೊದಲೇ ಕೇಳಿ, ಬರೆಸಿಕೊಳ್ಳಿ. ಬಟ್ಟೆಬರೆಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ ಮೊಟ್ಟೆಯೂ ಸಾಯುತ್ತದೆ. ನಮ್ಮೂರಿನ ಬಿಸಿಲನ್ನು ಮಾತ್ರ ನಂಬಬೇಡಿ, ದಪ್ಪ ಹಾಸಿಗೆಯ ಒಳಗೆ ಅದು ಇಳಿಯುವುದಿಲ್ಲ.

ಎರಡನೆಯ ಸಿಂಪಡಣೆಯ ನಂತರ ಬಟ್ಟಲು, ಹೊದಿಕೆ ಎರಡೂ ಶುಭ್ರ. ಮಗಳದೂ ನನ್ನದೂ ಕ್ರಮೇಣ ತಣ್ಣಗಾಯಿತು. ಅತ್ತೆಯವರದು ಹೆಚ್ಚಾಯಿತು. ಕಜ್ಜಿ ಇರಬಹುದೇ ಎಂದು ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ ನೋಡಿದೆ, ಕಜ್ಜಿಯ ಹುಳು ಹೆಚ್ಚಾಗಿ ಕೊರೆಯುವುದು ಇಂಥ ಜಾಗಗಳಲ್ಲಿ. ಏನೂ ಕಾಣಲಿಲ್ಲ. ಚರ್ಮರೋಗ ತಜ್ಞೆ ಕೈ ಸವರಿ ನೋಡಿ, "ಅಮ್ಮಾ, ದಿನಾ ಎಷ್ಟು ಬಿಸಿಯ ನೀರು ಸುರಿದುಕೊಳ್ಳುತ್ತೀರಿ?" ಎಂದು ಕೇಳಿದರು. ಡಿಸೆಂಬರ್ ಚಳಿ. ತಿಗಣೆಯ ಅಸಹ್ಯಕ್ಕೆ ಅತ್ತೆಯವರು ಸುಡುನೀರಿಗೆ ಕ್ರಿಮಿನಾಶಕ ದ್ರವ ಬೆರೆಸಿ ದಿನಕ್ಕೆ ಎರಡು ಹೊತ್ತು ಸ್ನಾನ ಮಾಡುತ್ತಿದ್ದರು. ವಯಸ್ಸಾದ ಚರ್ಮ ಒಣಗಿ ಬಿರಿದಿತ್ತು. ಉಗುರುಬೆಚ್ಚನೆಯ ನೀರು, ಸೌಮ್ಯ ಸಾಬೂನು, ಮೈ ಹಸಿಯಿರುವಾಗಲೇ ಮಾಯಿಶ್ಚರೈಸರ್, ರಾತ್ರಿಗೆ ವೈದ್ಯರು ಬರೆದ ಅಲರ್ಜಿ ಮಾತ್ರೆ: ಇಷ್ಟರಲ್ಲೇ ಅವರಿಗೆ ನಿದ್ದೆ ಬಂತು. ಅಷ್ಟು ದಿನ ಅವರು ತಮ್ಮನ್ನು ತಾವೇ ಮೈಲಿಗೆಯೆಂದುಕೊಂಡು ಮೊಮ್ಮಗಳನ್ನು ಮಡಿಲಿಗೆ ಕರೆದಿರಲಿಲ್ಲ. ಅದು ನನಗೆ ತಿಗಣೆಗಿಂತ ಹೆಚ್ಚು ನೋವು ಕೊಟ್ಟಿತ್ತು.

ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಡುವ ಮುಲಾಮುಗಳ ಬಗ್ಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ, ಬೇಡ. ಅವುಗಳಲ್ಲಿ ಬಲವಾದ ಸ್ಟೀರಾಯ್ಡ್ ಬೆರೆತಿರುವುದುಂಟು. ಎರಡು ದಿನ ಹಿತವೆನಿಸುತ್ತದೆ, ದೀರ್ಘಕಾಲ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಹುಳುಕಡ್ಡಿ ಇದ್ದರೆ ಅದು ಹಬ್ಬುತ್ತದೆ. ಮಗಳ ದದ್ದುಗಳಿಗೆ ಕ್ಯಾಲಮೈನ್ ಲೋಷನ್, ತಣ್ಣೀರಿನ ಬಟ್ಟೆ ಸಾಕಾದವು. ಅವಳ ಉಗುರನ್ನು ತಪ್ಪದೆ ಕತ್ತರಿಸುತ್ತಿದ್ದೆ. ಕೆರೆದ ಜಾಗ ಕೀವುಗಟ್ಟಿದರೆ, ಸುತ್ತ ಕೆಂಪೇರಿ ಬಿಸಿಯಾದರೆ, ಜ್ವರ ಬಂದರೆ ಕಾಯದೆ ವೈದ್ಯರಲ್ಲಿಗೆ ಹೋಗಬೇಕು.

ಕಲೆಗಳದು ಬೇರೆಯೇ ಲೆಕ್ಕ. ನಮ್ಮ ಕಂದು ಮೈಬಣ್ಣದಲ್ಲಿ ಉರಿಯೂತ ಆರಿದ ಜಾಗ ಕಪ್ಪಾಗುವುದು ಸಹಜ, ಮಾಸಲು ತಿಂಗಳುಗಳೇ ಹಿಡಿಯುತ್ತವೆ. ಕಲೆ ಉಳಿದಿದೆ ಎಂದರೆ ತಿಗಣೆ ಉಳಿದಿದೆ ಎಂದಲ್ಲ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಇನ್ನಷ್ಟು ಕಪ್ಪಾಗುತ್ತದೆ, ಅದನ್ನು ಯಾರು ಹೇಳಿದರೂ ಮಾಡಬೇಡಿ. ಮಗಳ ಕಾಲಿನ ಕಲೆಗಳಿಗೆ ಕೊಬ್ಬರಿ ಎಣ್ಣೆ ಸವರುತ್ತೇನೆ, ಶಾಲೆಗೆ ಹೊರಡುವಾಗ ಸನ್‌ಸ್ಕ್ರೀನ್ ಹಚ್ಚುತ್ತೇನೆ. ಮೊಣಕಾಲಿನ ಮೇಲಿನವು ಮಾಸಿವೆ, ಕಣಕಾಲಿನವು ಇನ್ನೂ ಇವೆ.