ಎರಡು ಐಸಿ ಸುಟ್ಟ ಮೇಲೆ ತಿಳಿದದ್ದು

ಮೈಸೂರು ಆಕಾಶವಾಣಿಯ ವೀಣೆಯನ್ನು ಮನಸಾರೆ ಕೇಳಬೇಕೆಂದು ಸರಸ್ವತೀಪುರಂನ ಮನೆಯಲ್ಲಿ ಆಂಪ್ಲಿಫೈಯರ್ ಕಟ್ಟಿದೆ. ಅದರಲ್ಲಿ ಸದ್ದು ಹೆಚ್ಚಿಸುವ ಚಿಪ್, ಟಿಡಿಎ 2030 ಐಸಿ, ಒಂದರ ಹಿಂದೊಂದು ಎರಡು ಸುಟ್ಟವು. ನಕಲಿ ಮಾಲೆಂದೇ ನಂಬಿದ್ದೆ. ಮಲ್ಟಿಮೀಟರ್ ಹಿಡಿದಾಗ ನಿಜ ಗೊತ್ತಾಯಿತು: 15-0-15 ಟ್ರಾನ್ಸ್‌ಫಾರ್ಮರ್ (ನಡುವಿನ ತಂತಿಯಿಂದ ಎರಡೂ ಕಡೆ 15 ವೋಲ್ಟ್ ಎಸಿ ಕೊಡುವಂಥದ್ದು) ಕೊಟ್ಟ ಎಸಿ, ಡಯೋಡ್, ಕೆಪಾಸಿಟರ್ ದಾಟಿ ಡಿಸಿ ಆದಾಗ ತನ್ನ ಶಿಖರ ಮಟ್ಟಕ್ಕೇರಿ, ಎರಡೂ ಕಡೆ 21 ವೋಲ್ಟ್ ಬರುತ್ತಿತ್ತು. ಆ ಐಸಿ ತಾಳುವುದು ಒಂದೊಂದು ಕಡೆ 18 ಮಾತ್ರ!

ಟ್ರಾನ್ಸ್‌ಫಾರ್ಮರ್ ಬದಲಿಸಲು ಮನಸ್ಸು ಒಪ್ಪಲಿಲ್ಲ; ಇಡೀ ಸಾಮಾನಿನಲ್ಲಿ ಅದೇ ದುಬಾರಿ. ಕಾಲುಗಳ ಜೋಡಣೆ ಒಂದೇ ಇರುವ, ಎರಡೂ ಕಡೆ ಸೇರಿ ಒಟ್ಟು 60 ವೋಲ್ಟ್ ತಾಳುವ ಎಲ್‌ಎಂ 1875 ಐಸಿ ಹಾಕಿದೆ. ವೀಣೆಯ ಒಂದೊಂದು ಮೀಟೂ ಬಿಡಿಬಿಡಿಯಾಗಿ ಕೇಳಿತು. ಐಸಿಯ ಬಿಸಿ ಹೀರುವ ಹೀಟ್‌ಸಿಂಕ್‌ಗೆ ಗುಜರಿ ಅಂಗಡಿಯ ಅಲ್ಯೂಮಿನಿಯಂ ಸಾಕು. ಆದರೆ ಐಸಿಯ ಬೆನ್ನಿನ ಲೋಹ ಋಣ ವೋಲ್ಟೇಜಿಗೆ ಸೇರಿರುತ್ತದೆ. ಹೀಟ್‌ಸಿಂಕ್‌ಗೆ ವಿದ್ಯುತ್ ದಾಟದಂತೆ ನಡುವೆ ಮೈಕಾ ಹಾಳೆ ಇಡುವುದನ್ನು ಮರೆಯಬೇಡಿ.